ರಾಚಪ್ಪ ಮಾವನ ಆವರೇಜ್ ಪರೀಕ್ಷೆ

ಹುನ್ನೂರಿನ ರಾಚಪ್ಪ ಮಾವ ನಮ್ಮ ಅಕ್ಕ ಪದ್ಮವ್ವನ ಗಂಡ. ಅವರ ಮುಂದೆ ಯಾರಾದರೂ ವಯಸ್ಸು ಕಡಿಮೆ ಹೇಳಲಿ, ಹೊಲ ಎರಡು ಎಕರೆ ಹೆಚ್ಚಿಗೆ ಹೇಳಲಿ, ನಕ್ಕು ಸುಮ್ಮನಾಗುತ್ತಾರೆ. ಆದರೆ ಪಿಕಪ್ ಗಾಡಿ ಇಟ್ಟುಕೊಂಡವನು ಅದರ ಆವರೇಜ್ ಹೆಚ್ಚಿಗೆ ಹೇಳಿದನೋ, ಅವನ ಕಥೆ ಮುಗಿಯಿತು. ಲೀಟರ್ ಡೀಸೆಲ್ಲಿಗೆ ಗಾಡಿ ಎಷ್ಟು ಕಿಲೋಮೀಟರ್ ಓಡುತ್ತದೆ ಅನ್ನುವ ಒಂದೇ ಪ್ರಶ್ನೆಗೆ ಗಂಡಸಿನ ಹುಟ್ಟುಗುಣ ಹೊರಬೀಳುತ್ತದೆ ಎಂಬುದು ಅವರ ಸಿದ್ಧಾಂತ.

"ಕಂಪನಿಯಾಂವ ಹೇಳೂದು ಬ್ಯಾರೆ, ಲೋಡ್ ಹೊತ್ತು ರೋಡಿಗೆ ಇಳದಾಗ ಕೊಡೂದು ಬ್ಯಾರೆ," ಅನ್ನುತ್ತಾರೆ. "ಇಷ್ಟ ವರ್ಷ ಪಿಕಪ್ ಹೊಡದೇನಿ. ಲೋಡ್ ಗಾಡಿ ಹನ್ನೊಂದು ಕೊಟ್ಟರ ದೇವರ ದಯಾ. ಅದಕ್ಕಿಂತ ಜಾಸ್ತಿ ಹೇಳಾಂವ ನಾಳಿ ಹೇಣತಿಗೂ ಸುಳ್ಳ ಹೇಳ್ತಾನ."

ಮಗಳು ಸೌಂದರ್ಯಾಗೆ ವರ ನೋಡಲು ಶುರುಮಾಡಿದ ಮೇಲೆ ಈ ಹುಚ್ಚು ಮಿತಿಮೀರಿತು. ಬೀಳಗಿಯಿಂದ ಬಂದ ಹುಡುಗ ತನ್ನ ಗಾಡಿ ಹದಿನೆಂಟು ಕೊಡುತ್ತದೆ ಎಂದ. ಅವನ ಕೈಯಲ್ಲಿ ಶಿರಾದ ತಟ್ಟೆ ಇನ್ನೂ ಬಿಸಿಯಾಗಿತ್ತು. ಮಾವ ಎದ್ದು ಎಮ್ಮೆಗೆ ನೀರು ಕುಡಿಸಲು ಹೋದವರು ತಿರುಗಿ ಬರಲಿಲ್ಲ. ಲೋಕಾಪುರದವನು ಎ.ಸಿ. ಹಚ್ಚಿದರೂ ಇಪ್ಪತ್ತು ಎಂದ. ಅವನಿಗೆ ಚಹಾ ಕೂಡ ಸಿಗಲಿಲ್ಲ.

ನನಗೆ ಈ ಗಾಡಿ ಮಾತು ಕೇಳಿದರೆ ತಲೆ ಸಿಡಿಯುತ್ತದೆ. ಜಮಖಂಡಿಯಲ್ಲಿ ಸೀರೆ ಅಂಗಡಿ ಇಟ್ಟವನು ನಾನು, ಸ್ಕೂಟರ್ ಬಿಟ್ಟು ಏನನ್ನೂ ನಡೆಸಿದವನಲ್ಲ. ಆದರೂ ಈ ರಗಳೆಯಲ್ಲಿ ನಾನೇ ಸಿಕ್ಕಿಬಿದ್ದೆ. ಬಿ.ಕಾಂ. ಮುಗಿಸಿದ ಸೌಂದರ್ಯಾ ನನ್ನ ಅಂಗಡಿಯಲ್ಲೇ ಕೂರುತ್ತಿದ್ದಳು. ಬನಹಟ್ಟಿಯಿಂದ ಸೀರೆ ಗಂಟು ತರುತ್ತಿದ್ದವನು ಚಿದಾನಂದ, ಸ್ವಂತ ಪಿಕಪ್ಪಿನ ಹುಡುಗ. ಗಂಟು ಇಳಿಸಲು ಹತ್ತು ನಿಮಿಷ ಸಾಕು, ಅವನು ಒಂದು ತಾಸು ಇಳಿಸುತ್ತಿದ್ದ. ನಾನೇನು ಕುರುಡನೇ?

ಒಂದು ದಿನ ಸೌಂದರ್ಯಾ ನೇರವಾಗಿ ಹೇಳಿದಳು. "ಮಾಮಾ, ನನಗ ಚಿದಾನಂದ ಮನಸಿಗೆ ಬಂದಾನ. ಜಾತಿ, ಮನಿತನ ಎಲ್ಲಾ ಅಪ್ಪಗ ಒಪ್ಪಿಗಿ ಆಗೂವಂಥಾದ್ದ ಐತಿ. ಹೆದರಿಕಿ ಒಂದ, ಅಪ್ಪ ಆವರೇಜ್ ಕೇಳ್ತಾನ. ಹನ್ನೊಂದು ಅನ್ನಾಕ ಹೇಳ್ರಿ ಅವಗ."

ನಾನು ಹೇಳಿದೆ. ಚಿದಾನಂದ ತಲೆ ಕೆರೆದುಕೊಂಡ. "ಆದರ ನನ್ನ ಗಾಡಿ ಹದಿನೈದು ಕೊಡತೈತ್ರಿ. ಹನ್ನೊಂದು ಅಂದರ ಸುಳ್ಳ ಆಗೂದಿಲ್ಲೇನ್ರಿ?"

"ಆಗಲಿ ಬಿಡೋ. ಹೆಣ್ಣು ಬೇಕೋ ಬ್ಯಾಡೋ?"

ಅವನು ಗಂಟು ಹೊತ್ತುಕೊಂಡು ಒಳಗೆ ನಡೆದ. ಭಾನುವಾರ ಹುನ್ನೂರಿನ ಪಡಸಾಲೆಯಲ್ಲಿ ಕುಳಿತಾಗ ಮಾವ ಊರು, ತಂದೆ, ಮಗ್ಗದ ವ್ಯಾಪಾರ ಎಲ್ಲ ವಿಚಾರಿಸಿ, ಕೊನೆಗೆ ಕೈ ಒರೆಸಿಕೊಂಡು ಕೇಳಿಯೇಬಿಟ್ಟರು. "ಗಾಡಿ ಎಷ್ಟು ಕೊಡತೈತಪಾ?" ಅಡುಗೆಮನೆಯ ಬಾಗಿಲಲ್ಲಿ ಸೌಂದರ್ಯಾಳ ಬಳೆ ಸದ್ದು ನಿಂತಿತು. ನಾನು ಅವನ ಕಾಲು ತುಳಿದೆ.

"ಹದಿನೈದು ಕೊಡತೈತ್ರಿ ಕಾಕಾ," ಎಂದ ಪುಣ್ಯಾತ್ಮ.

ಮಾವ ಎಮ್ಮೆಯ ಕಡೆ ಹೊರಟರು. ಆದರೆ ಈ ಸಲ ಸೌಂದರ್ಯಾ ಬಾಗಿಲಿಗೆ ಅಡ್ಡ ನಿಂತಳು. "ಅಪ್ಪಾ, ಉಳಿದಾವರನ್ನ ಓಡಿಸಿದಿ, ನಾ ಏನೂ ಅನಲಿಲ್ಲ. ಇವರನ್ನ ಓಡಿಸಬೇಕಂದರ ಮದಲ ಗಾಡಿ ನೋಡು. ಸುಳ್ಳಾದರ ನಾನ ಬ್ಯಾಡಂತೇನಿ."

"ಸೀರಿ ಹೊರೂ ಗಾಡಿ ಅದು, ಹತ್ತಿ ಅರಳಿ ಹೊತ್ತಂಗ," ಎಂದರು ಮಾವ. "ನನ್ನಷ್ಟ ಲೋಡ್ ಹೊತ್ತು ಹದಿನೈದು ಕೊಡಲಿ ನೋಡೂಣು."

ಹೀಗೆ ಪರೀಕ್ಷೆ ನಿಶ್ಚಯವಾಯಿತು. ಜಮಖಂಡಿಯ ಬಂಕಿನಲ್ಲಿ ಎರಡೂ ಗಾಡಿಗೆ ಬಾಯಿಮಟ ಡೀಸೆಲ್ ತುಂಬಿಸುವುದು, ಎರಡಕ್ಕೂ ಸಮಸಮ ಬೆಲ್ಲ ಹೇರಿ ಲೋಕಾಪುರಕ್ಕೆ ಮುಟ್ಟಿಸುವುದು, ಬರುವಾಗ ಸಮಸಮ ದನದ ಹಿಂಡಿ ಚೀಲ ತರುವುದು, ಅದೇ ಬಂಕಿನಲ್ಲಿ ಮತ್ತೆ ಬಾಯಿಮಟ ತುಂಬಿಸಿ ಲೆಕ್ಕ ಹಾಕುವುದು. ಹದಿನೈದು ಬಂದರೆ ಮಾತುಕತೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಬಂಕಿನ ಪರಮೇಶನನ್ನು ಪಂಚನನ್ನಾಗಿ ಮಾಡಿದರು. ಮಾವನ ಗಾಡಿಯಲ್ಲಿ ಸೌಂದರ್ಯಾ ಮಧ್ಯದಲ್ಲಿ, ನಾನು ಕಿಟಕಿಯ ಬದಿ. ಮಗಳು ಬರುವುದು ಬೇಡ ಎಂದು ಅಕ್ಕ ಗೊಣಗಿದಳು. "ಲಗ್ನ ನಂದ ಐತಿ, ನಾ ಬರಾಕಿನ," ಅಂದು ಸೌಂದರ್ಯಾ ಹತ್ತಿ ಕೂತಳು.

ಚಿದಾನಂದ ಮುಂದೆ, ನಾವು ಹಿಂದೆ. ಕಬ್ಬಿನ ಸುಗ್ಗಿ, ಜೋಡಿ ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ರಸ್ತೆಯ ತುಂಬ ಹೋಗುತ್ತಿದ್ದವು. ಹುಡುಗ ಅವುಗಳ ಹಿಂದೆ ಆರಾಮಾಗಿ ಹೋಗುವವನು, ರಸ್ತೆ ಖಾಲಿಯಾದಾಗ ಮಾತ್ರ ಮೆಲ್ಲಗೆ ದಾಟುವವನು. ರಸ್ತೆಯ ಉಬ್ಬು ದೂರದಲ್ಲಿ ಕಂಡರೆ ಸಾಕು, ಆಗಲೇ ಎಕ್ಸಿಲೇಟರ್ ಬಿಟ್ಟು ಗಾಡಿ ತಾನಾಗಿ ನಿಧಾನವಾಗಲು ಬಿಡುತ್ತಿದ್ದ.

ಮಾವನಿಗೆ ತಡೆಯಲಾಗಲಿಲ್ಲ. "ಗಾಡಿ ಹೊಡಿಯಾಕತ್ತಾನೋ, ಮೆರವಣಿಗಿ ಮಾಡಾಕತ್ತಾನೋ?" ಎಂದು ಹಾರ್ನ್ ಒತ್ತಿದರು, ಅವನನ್ನು ದಾಟಿದರು, ಟ್ರ್ಯಾಕ್ಟರಿನ ಬೆನ್ನಿಗೆ ಹೋಗಿ ಬ್ರೇಕ್ ತುಳಿದರು, ನಾನು ಡ್ಯಾಶ್‌ಬೋರ್ಡಿಗೆ ಹಣೆ ಗುದ್ದಿಕೊಂಡೆ. ಮತ್ತೆ ಎಕ್ಸಿಲೇಟರ್, ಮತ್ತೆ ಬ್ರೇಕ್. ನನ್ನಂಥ ಸ್ಕೂಟರಿನವನಿಗೂ ಇವರ ಹನ್ನೊಂದು ಎಲ್ಲಿಂದ ಬಂತು ಅಂತ ಗೊತ್ತಾಯಿತು.

ಲೋಕಾಪುರದಲ್ಲಿ ಬೆಲ್ಲ ಇಳಿಸಿ, ಹಿಂಡಿ ಹೇರಿಕೊಂಡು, ಮಿರ್ಚಿ ಭಜಿ ತಿಂದು ಹೊರಟೆವು. ಮುಧೋಳ ದಾಟಿ ಸ್ವಲ್ಪ ದೂರ ಬಂದಿದ್ದೆವು. ಮಾವನ ಗಾಡಿಯ ಮುಂದಿನಿಂದ ಕೀರಲು ಸದ್ದು ಬಂತು, ಬಿಸಿಯ ಮುಳ್ಳು ಕೆಂಪಿಗೆ ಏರಿತು, ಬಾನೆಟ್ಟಿನಿಂದ ಹಬೆ. ಇಳಿದು ನೋಡಿದರೆ ವಾಟರ್ ಪಂಪಿನ ಬೇರಿಂಗ್ ಹೋಗಿತ್ತು. ಇಂಜಿನ್ ಶುರು ಮಾಡುವ ಹಾಗೇ ಇಲ್ಲ, ಮಾವನ ಗಾಡಿ ರಿಪೇರಿಯ ಮಿಸ್ತ್ರಿ ಇರುವುದು ಜಮಖಂಡಿಯಲ್ಲಿ.

ಚಿದಾನಂದ ಹಿಂದಿನಿಂದ ಬಂದು ಮುಂದೆ ನಿಲ್ಲಿಸಿದ. ತನ್ನ ಗಾಡಿಯಿಂದ ದಪ್ಪ ಹಗ್ಗ ತೆಗೆದ.

"ಬ್ಯಾಡೋ ತಮ್ಮಾ," ಎಂದೆ ನಾನು. "ಇಷ್ಟ ಭಾರ ಜಗ್ಗಿದರ ನಿನ್ನ ಆವರೇಜ್ ಮಣ್ಣಗೂಡತೈತಿ. ಪರೀಕ್ಷಾ ಇವತ್ತ ಐತಿ. ಬ್ಯಾರೆ ಗಾಡಿ ಕರಸೂಣು."

"ಬಿಸಲಾಗ ಎಷ್ಟೊತ್ತು ಕುಂದರತೀರಿ ಕಾಕಾ," ಎಂದು ಮಾವನಿಗೆ ಹೇಳಿ ಹಗ್ಗ ಕಟ್ಟಿದ. ಸೌಂದರ್ಯಾಳ ಮುಖ ಬಾಡಿತು. ಆದರೆ ಅವನನ್ನು ತಡೆಯಲಿಲ್ಲ. ನನಗಂತೂ ಅವನನ್ನು ಬೈಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ.

ಹಗ್ಗದಲ್ಲಿ ಎಳೆಸಿಕೊಳ್ಳುವುದು ಎಂಥ ಹಿಂಸೆ ಅಂತ ಆ ದಿನ ತಿಳಿಯಿತು. ಇಂಜಿನ್ ಬಂದ್ ಆದರೆ ಸ್ಟೀರಿಂಗ್ ಸುಲಭಕ್ಕೆ ತಿರುಗುವುದಿಲ್ಲ, ಬ್ರೇಕ್ ಕಲ್ಲಿನಂತಾಗುತ್ತದೆ. ಹಗ್ಗ ಸಡಿಲಾದರೆ ಹಿಂದಿನವನು ಮೆಲ್ಲಗೆ ಬ್ರೇಕ್ ತುಳಿದು ಬಿಗಿ ಮಾಡಬೇಕು, ಇಲ್ಲದಿದ್ದರೆ ಮುಂದಿನ ಗಾಡಿಗೆ ಗುದ್ದುತ್ತದೆ. ಮುಂದಿನವನು ಒಮ್ಮೆಲೆ ಎಳೆದನೋ, ಹಗ್ಗ ಕಡಿಯುತ್ತದೆ.

"ಈಗ ನೋಡು ಝಟಕಾ ಹೊಡಿತಾನ," ಎಂದು ಮಾವ ಹಲ್ಲು ಕಚ್ಚಿ ಕೂತರು. ಝಟಕಾ ಬರಲಿಲ್ಲ. ಗಾಡಿ ಯಾವಾಗ ಹೊರಟಿತು ಅಂತ ನನಗೆ ತಿಳಿದದ್ದು ಬದಿಯ ಬೇವಿನ ಗಿಡ ಹಿಂದೆ ಸರಿದಾಗ. ಉಬ್ಬು ಬಂತು. "ಈಗ ಹರಿತೈತಿ," ಎಂದರು. ಹರಿಯಲಿಲ್ಲ. ಏರು ಬಂತು, ಟ್ರ್ಯಾಕ್ಟರ್ ಅಡ್ಡ ಬಂತು, ಎಮ್ಮೆಗಳು ಬಂದವು. ಮಾವ ಪ್ರತಿಸಲ "ಈಗ" ಅನ್ನುವವರು, ಆಮೇಲೆ ಅನ್ನುವುದನ್ನು ಬಿಟ್ಟರು.

ಅರ್ಧ ದಾರಿಗೆ ಮಾವನ ತೋಳು ಸೋತವು. ಹಾರ್ನ್ ಒತ್ತಿ ನಿಲ್ಲಿಸಿದರು. ನನ್ನ ಕಡೆ ನೋಡಿ, ಪ್ರಯೋಜನವಿಲ್ಲ ಅಂತ ಮುಖ ತಿರುಗಿಸಿದರು. ಸೌಂದರ್ಯಾಗೆ ಹೊಲದ ದಾರಿಯಲ್ಲಿ ಗಾಡಿ ಕಲಿಸಿದ್ದು ಅವರೇ. ಲೈಸೆನ್ಸ್ ಮಾಡಿಸಿಯೂ ಹೆದ್ದಾರಿಗೆ ಬಿಟ್ಟಿರಲಿಲ್ಲ.

"ಈ ಕಡಿ ಸರದ ಕುಂದರು," ಎಂದರು ಅವಳಿಗೆ. "ಹಗ್ಗದ ಮ್ಯಾಲ ಕಣ್ಣಿಡು. ಅಂವ ಬ್ರೇಕ್ ಹಚ್ಚೂಕಿಂತ ಮದಲ ನೀ ಹಚ್ಚಬೇಕು."

ಸೌಂದರ್ಯಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ಎರಡೂ ಕೈಯಿಂದ ಸ್ಟೀರಿಂಗ್ ಹಿಡಿದು, ಕೆಳತುಟಿ ಕಚ್ಚಿಕೊಂಡು, ಮುಂದಿನ ಗಾಡಿಯ ಕೆಂಪು ದೀಪ ಬಿಟ್ಟು ಬೇರೇನನ್ನೂ ನೋಡಲಿಲ್ಲ. ತಿರುವಿಗೆ ಮೊದಲು ಚಿದಾನಂದ ಕಿಟಕಿಯಿಂದ ಕೈ ಹೊರಗೆ ಹಾಕಿ ತೋರಿಸುತ್ತಿದ್ದ, ಇವಳು ಆಗಲೇ ಬ್ರೇಕಿನ ಮೇಲೆ ಕಾಲಿಟ್ಟಿರುತ್ತಿದ್ದಳು. ಮಾವ ಅವಳ ಮುಖ ನೋಡಲಿಲ್ಲ, ರಸ್ತೆಯನ್ನೂ ನೋಡಲಿಲ್ಲ. ಜಮಖಂಡಿ ಬರುವ ತನಕ ಹಗ್ಗವನ್ನೇ ನೋಡುತ್ತ ಕೂತರು.

ಹಗ್ಗ ಕಟ್ಟಿದ ಹಾಗೆಯೇ ಬಂಕಿನೊಳಗೆ ಬಂದೆವು. ಪರಮೇಶ ಎರಡೂ ಟ್ಯಾಂಕ್ ಬಾಯಿಮಟ ತುಂಬಿಸಿ, ಮೀಟರ್ ನೋಡಿ, ಮೊಬೈಲಿನಲ್ಲಿ ಲೆಕ್ಕ ಒತ್ತಿ, ಹುಬ್ಬೇರಿಸಿ, ಇನ್ನೊಮ್ಮೆ ಒತ್ತಿದ.

"ರಾಚಪ್ಪ ಕಾಕಾ, ನಿಮ್ಮ ಗಾಡಿ ಹದಿನಾರು ಕೊಟ್ಟೈತಿ! ಬನಹಟ್ಟಿ ಗಾಡಿ ಹತ್ತು!"

ಡೀಸೆಲ್ ಹಾಕಿಸಲು ನಿಂತವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಎಳೆಸಿಕೊಂಡು ಬಂದರೂ ಗಾಲಿ ತಿರುಗುತ್ತದೆ, ಕಿಲೋಮೀಟರ್ ಏರುತ್ತದೆ, ಡೀಸೆಲ್ ಮಾತ್ರ ಹನಿಯೂ ಖರ್ಚಾಗುವುದಿಲ್ಲ. ಒಬ್ಬ ಕೇಳಿದ, "ಕಾಕಾ, ನಮಗೂ ಒಂದ ಇಂಥಾ ಹಗ್ಗ ಕೊಡಸ್ರಿ!" ನನಗೂ ನಗು ಬಂತು, ಆದರೆ ಸೌಂದರ್ಯಾಳನ್ನು ನೋಡಿ ನುಂಗಿಕೊಂಡೆ. ಅವಳು ಸ್ಟೀರಿಂಗ್ ಬಿಡದೆ ಹಾಗೇ ಕೂತಿದ್ದಳು, ಕಣ್ಣು ತುಂಬಿತ್ತು.

ಪರಮೇಶ ಚಿದಾನಂದನನ್ನು ಕೆಣಕಿದ. "ಏನಪಾ, ಹದಿನೈದು ಅಂದಿದ್ದಿಯಂತ?"

"ಇವತ್ತ ಹತ್ತು ಕೊಟ್ಟೈತ್ರಿ," ಎಂದ ಅವನು. ಅಷ್ಟೇ. ಹಿಂಡಿಯ ಭಾರ, ನಮ್ಮ ಗಾಡಿ, ಯಾವುದರ ಹೆಸರೂ ಎತ್ತಲಿಲ್ಲ. ತಲೆ ಬಗ್ಗಿಸಿ ಹಗ್ಗದ ಗಂಟು ಬಿಚ್ಚಲು ಕೂತ.

"ಅಪ್ಪಾ," ಎಂದಳು ಸೌಂದರ್ಯಾ. "ಹತ್ತ ಬಂತಲ್ಲ."

ಮಾವ ಬಗ್ಗಿ ಹಗ್ಗವನ್ನು ಕೈಗೆ ತೆಗೆದುಕೊಂಡು ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿದರು. ಒಂದು ಎಳೆಯೂ ಕಿತ್ತಿರಲಿಲ್ಲ.

"ಯಾರಂದರು ಹತ್ತು ಅಂತ?" ಎಂದು ಇಡೀ ಬಂಕಿಗೆ ಕೇಳುವಂತೆ ಗದರಿದರು. "ಪರಮ್ಯಾ, ನಿನ್ನ ಲೆಕ್ಕ ಒಲಿಗೆ ಹಾಕು. ಮುಧೋಳದಿಂದ ಇಲ್ಲೀತನಕ ಈ ಹಗ್ಗ ಒಂದ ಸಲಾನೂ ಝಟಕಾ ತಿಂದಿಲ್ಲ. ಅಂಥಾ ಕಾಲಿಗೆ ಗಾಡಿ ಹದಿನೈದು ಕೊಡತೈತಿ. ನಾ ಹೇಳಾಕತ್ತೇನಿ, ಖರೆ."

ಆಮೇಲೆ ಮಗಳ ಕಡೆ ತಿರುಗಿದರು.

"ಆದರ ಹಗ್ಗ ಮುಂದಿನಾಂವ ಒಬ್ಬನಿಂದ ಉಳಿಯೂದಿಲ್ಲವಾ. ಹಿಂದಿನಾಕಿ ಬ್ರೇಕೂ ಹಂಗ ಇರಬೇಕು. ಇಬ್ಬರೂ ಉಳಿಸೀರಿ. ಇಳಿ ಕೆಳಗ. ಆ ಹುಡುಗ ಒಬ್ಬನ ಎಷ್ಟೊತ್ತು ಹಗ್ಗ ಸುತ್ತಬೇಕು? ಹೋಗಿ ಈ ಕಡಿ ತುದಿ ಹಿಡಿ."

ಸೌಂದರ್ಯಾ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಇಳಿದು ಹೋಗಿ ಹಗ್ಗದ ತುದಿ ಹಿಡಿದಳು.