ನಾಬೋರನ ಸಾಲು

"ಯಾವ ಸೂಳೆಮಗನ್ಲಾ ಆ ದಿಂಡು ಬಿಟ್ಟೋನು?"

ತೋಟದ ಧಣಿ ದೋನ್ ಎವರಾರ್ದೋ ಜೀಪಿನಿಂದ ಇಳಿಯುವ ಮೊದಲೇ ಅವನ ಬೈಗುಳ ಇಳಿಯಿತು. ನೀಲಿ ಕತ್ತಾಳೆಯ ಸಾಲಿನ ನಡುವೆ ಒಂದೇ ಒಂದು ಹೂದಿಂಡು ಎರಡಾಳೆತ್ತರ ನಿಂತಿತ್ತು. ದಿಂಡು ಮೊಳೆತ ಕೂಡಲೇ ಕಡಿಯಬೇಕು. ಬಿಟ್ಟರೆ ಗೆಡ್ಡೆಯ ಸಿಹಿಯನ್ನೆಲ್ಲ ಅದೇ ಹೀರಿಕೊಳ್ಳುತ್ತದೆ, ಟಕೀಲಾ ಸಾರಾಯಿಗೆ ಉಳಿಯುವುದು ಬರೀ ನಾರು.

"ನಾನೇ ಧಣಿ," ಎಂದೆ. "ನಮ್ಮಣ್ಣ ನೆಟ್ಟಿದ್ದ ಸಾಲು."

"ನಿಮ್ಮಪ್ಪನ ಮನೆ ಗಂಟೇನ್ಲಾ? ಕಡಿ!"

ಅಣ್ಣ ನಾಬೋರ್ ಈ ಸಾಲು ನೆಟ್ಟು ಆರು ವರ್ಷ. ಸಾವಯವ ತೋಟವೆಂದು ಬೋರ್ಡು ಹಾಕಿದ ಮೇಲೆ ಕಳೆಯನ್ನು ಕೈಯಲ್ಲೇ ಕೀಳಬೇಕಿತ್ತು. ಅದಕ್ಕೆ ಆಳು ಜಾಸ್ತಿ ಬೇಕು. ಧಣಿ ಕದ್ದುಮುಚ್ಚಿ ಕಳೆನಾಶಕ ಹೊಡೆಸಿದ. ಸೋರುವ ಡಬ್ಬವನ್ನು ಅಣ್ಣ ಎರಡು ಮಳೆಗಾಲ ಬೆನ್ನ ಮೇಲೆ ಹೊತ್ತ. ಮೊದಲು ಬೆನ್ನಿನ ಚರ್ಮ ಸುಲಿಯಿತು, ಆಮೇಲೆ ಉಸಿರೇ ನಿಂತಿತು. ಅವನ ಹೆಸರಿಗೆಂದು ಈ ಒಂದು ಗಿಡ ಹೂಬಿಡಲಿ ಅಂತ ಬಿಟ್ಟಿದ್ದೆ. ನನ್ನ ಕೈಲಾದದ್ದು ಅಷ್ಟೇ.

ಸಾವಯವ ಪ್ರಮಾಣಪತ್ರ ಕೊಡಲು ಬಂದಿದ್ದ ಹೆಂಗಸೂ ಜೀಪಿನಿಂದಿಳಿದಳು. ದಿಂಡು ಯಾಕೆ ಬಿಟ್ಟಿದ್ದೀರಿ ಎಂದು ಕೇಳಿದಳು.

ಧಣಿ ಹಲ್ಲು ಕಿರಿದ. "ಇವ್ನ ಅಣ್ಣನ ನೆನಪಿಗೆ ಮೇಡಂ. ಪಾಪ, ಕುಡ್ದು ಕುಡ್ದು ಸತ್ತ. ಹೌದೇನ್ಲಾ ಸಿರಿಲೋ?"

ನಾಬೋರ್ ಒಂದು ಹನಿಯೂ ಕುಡಿದವನಲ್ಲ. ಬೆಂದ ಗೆಡ್ಡೆಯ ಚೂರು ಚೀಪುವುದೊಂದೇ ಅವನ ಚಟ. ಹೌದೆಂದರೆ ನನ್ನ ಕೆಲಸ ಉಳಿಯುತ್ತಿತ್ತು. ಮಕ್ಕಳ ಮುಖ ಕಣ್ಣೆದುರು ಬಂತು.

"ಸುಳ್ಳು," ಎಂದೆ. "ಅವ್ನು ಕುಡ್ದಿದ್ದು ನೀವು ಹೊಡ್ಸಿದ ಕಳೆ ಔಸ್ದಿ. ಅದೂ ಬಾಯಾಗಲ್ಲ, ಬೆನ್ನಾಗೆ."

ಆಕೆ ಒಂದು ಗಳಿಗೆ ನನ್ನನ್ನು ನೋಡಿದಳು. "ನಿಮ್ ನಿಮ್ ಜಗಳ ನಂಗ್ ಬ್ಯಾಡಪ್ಪ," ಎಂದು ಕಾಗದಕ್ಕೆ ಸಹಿ ಹಾಕಿ ಜೀಪು ಹತ್ತಿದಳು.

ನಿಂತ ಕಾಲಲ್ಲೇ ನನ್ನ ಕೆಲಸ ಹೋಯಿತು. ದಿಂಡು ಕಡಿಯಲು ಧಣಿ ಮುದುಕ ಆಳು ತಾಚೋನನ್ನು ಕರೆದ.

ತಾಚೋ ಕತ್ತಾಳೆ ಕಡಿಯುವ ತನ್ನ ಉದ್ದ ಹಿಡಿಯ ಗುಂಡಲಗನ್ನು ಬೆರಳಿನಿಂದ ಸವರಿದ. "ಮೊಂಡಾಗೈತೆ ಧಣಿ."

"ನಂದೂನೂವೆ," ಎಂದ ಪಕ್ಕದ ಆಳು. ಅವತ್ತು ಎಲ್ಲರ ಅಲಗೂ ಮೊಂಡಾಯಿತು.

ಮೂರು ವಾರ ಕಳೆದು ರಸ್ತೆಯಿಂದ ನೋಡಿದೆ. ತೋಟದ ಗುಡ್ಡದ ಉದ್ದಕ್ಕೂ ಕಡಿಯದ ದಿಂಡುಗಳು ಎದ್ದಿದ್ದವು. ಧಣಿ ಗಂಟಲು ಹರಿಯುವಂತೆ ಕೂಗಾಡುತ್ತಿದ್ದ. ಆಳುಗಳು ನಾಬೋರನ ಸಾಲಿನ ಪಕ್ಕ ಕೂತು, ತಲೆ ಎತ್ತದೆ, ಇನ್ನೂ ಅಲಗು ಮಸೆಯುತ್ತಲೇ ಇದ್ದರು.