ಬಟ್ಟೆಯ ಕೆಳಗೆ

“ಕೈ ಕೊಡು,” ಎಂದಳು ತಂಗಿ, ಮುಖ ಅತ್ತ ತಿರುಗಿಸಿಕೊಂಡೇ.

“ಕೊಟ್ಟಿದೀನಲ್ಲ.”

“ಬೆರಳು ಕೊಟ್ಟಿದೀಯ.”

ಅಕ್ಕ ಅಂಗೈ ಚಾಚಿದಳು. ಮೈದಾನವನ್ನೇ ಮುಚ್ಚುವಂಥ ಬಿಳಿ ಬಟ್ಟೆಯ ಕೆಳಗೆ ಸ್ವಯಂಸೇವಕರೆಲ್ಲ ಸಾಲಾಗಿ ಕುಕ್ಕರಗಾಲಲ್ಲಿ ಕೂತಿದ್ದರು. ಮೇಲೆ ದೇಶವಿದೇಶಗಳ ಫುಟ್‌ಬಾಲ್ ಪಂದ್ಯಾವಳಿಯ ಉದ್ಘಾಟನೆ, ಕೆಳಗೆ ಬೆವರಿನ ವಾಸನೆ. ಡೋಲುಗಳ ಅಬ್ಬರದಲ್ಲಿ ಸೀಟಿ ಕೇಳಿಸದೆಂದು ಸನ್ನೆ ಕೈಯಿಂದ ಕೈಗೆ ಸಾಗಬೇಕಿತ್ತು. ಪಕ್ಕದವರು ಕೈ ಅದುಮಿದರೆ ಮುಂದಿನವರ ಕೈ ಅದುಮಿ ಏಳಬೇಕು, ಬಟ್ಟೆ ಎತ್ತಿ ಹೊರಕ್ಕೆ ಓಡಬೇಕು. ಆಗ ನಟ್ಟನಡುವೆ ತಂಗಿಯ ಮಗಳೊಬ್ಬಳೇ ಅಂಗೈ ಮೇಲೆ ಚೆಂಡು ಹಿಡಿದು ಕುಣಿಯುತ್ತ ಜಗತ್ತಿಗೆ ಕಾಣಬೇಕು.

ಎತ್ತರ ನೋಡಿ ಸಾಲು ಮಾಡಿದವರಿಗೆ ಅಕ್ಕತಂಗಿ ಒಂದೇ ಅಳತೆಯವರೆಂದು ಕಂಡಿತ್ತು. ಮಾತು ಬಿಟ್ಟವರೆಂದು ಯಾರು ಹೇಳಬೇಕು?

ಆ ಹುಡುಗಿಗೆ ಕುಣಿತ ಕಲಿಸಿದವಳು ಅಕ್ಕ. ನಡೆಯಲು ಕಲಿತ ಹೊಸದರಲ್ಲೇ ಗಿರಗಿರ ಸುತ್ತುತ್ತಿದ್ದವಳಿಗೆ ಬುಗುರಿ ಎಂದು ಹೆಸರಿಟ್ಟವಳೂ ಅವಳೇ. ಈ ಉದ್ಘಾಟನೆಯ ಕುಣಿತಕ್ಕೆ ಆಯ್ಕೆ ಹತ್ತಿರ ಬಂದಾಗ ತಂಗಿ ಮಗಳನ್ನು ಅಕ್ಕನಿಂದ ಬಿಡಿಸಿ ದೊಡ್ಡ ನೃತ್ಯಶಾಲೆಗೆ ಸೇರಿಸಿದಳು. ಬುಗುರಿ ಆಯ್ಕೆಯಾದಳು. ಗುರು ಯಾರು ಎಂದು ಟೀವಿಯವರು ಕೇಳಿದರೆ ತಂಗಿ ಆ ಶಾಲೆಯ ಹೆಸರು ಹೇಳಿ, “ಅದಕ್ಕೆ ಮುಂಚೆ ಮನೇಲಿ ಏನೋ ಆಡ್ಕೊಂಡಿದ್ಲು, ಅಷ್ಟೆ,” ಎಂದುಬಿಟ್ಟಳು. ಅಂದಿನಿಂದ ಅಕ್ಕನಿಗೆ ತಂಗಿಯ ಮುಖ ಕಂಡರೆ ಮೈ ಉರಿಯುತ್ತಿತ್ತು.

“ನಾಳೆ ಪೇಪರಲ್ಲಿ ಫೋಟೋ ಬರತ್ತಂತೆ,” ಎಂದಳು ತಂಗಿ ಕತ್ತಲಲ್ಲಿ. “ಅವಳ ಟೀಚರ್ ಜೊತೆ.” ಕೆಣಕಲೆಂದೇ ಆಡಿದ ಮಾತು.

ಡೋಲು ಮೊಳಗಿತು. ಎಡಗಡೆ ಕೂತಿದ್ದ ಬಸ್ ಕಂಡಕ್ಟರು ಅಕ್ಕನ ಕೈ ಅದುಮಿ ಎದ್ದರು. ಅಕ್ಕ ಏಳಲಿಲ್ಲ, ಅದುಮಲೂ ಇಲ್ಲ. ಇವಳ ಹೊಟ್ಟೆಯೂ ಒಂದು ಸಲ ಉರಿಯಲಿ ಎಂದು ಹಲ್ಲು ಕಚ್ಚಿ ಕೂತಳು. ಅತ್ತ ಬಟ್ಟೆ ಎದ್ದು ಬೆಳಕು ನುಗ್ಗಿತು. ಕೈ ಅದುಮದೆ ಏಳಕೂಡದೆಂದು ಅಭ್ಯಾಸದಲ್ಲಿ ಬೈಸಿಕೊಂಡಿದ್ದವರು ಇತ್ತ ಅಲುಗಾಡಲಿಲ್ಲ. ಅರ್ಧ ಬಟ್ಟೆ ನಡುವಿನವರೆಗೂ ಬಿದ್ದೇ ಇತ್ತು.

“ಬಂತಾ? ಅಕ್ಕಾ, ಬಂತಾ?”

ಜನ ನಗುವುದು ಕೇಳಿಸಿದ ಮೇಲೆ ಅಕ್ಕ ಅದುಮಿದಳು. ಎಲ್ಲರೂ ಎದ್ದು ಬಟ್ಟೆ ಎಳೆಯುವಷ್ಟರಲ್ಲಿ ಡೋಲು ನಿಂತಿತ್ತು, ಬಾವುಟ ಹಿಡಿದವರು ಮೈದಾನ ತುಂಬಿಕೊಂಡಿದ್ದರು.

ಆಟಗಾರರು ಬರುವ ಓಣಿಯಲ್ಲಿ ತಂಗಿ ಅಡ್ಡಗಟ್ಟಿದಳು. “ಬೇಕಂತಲೇ ಮಾಡಿದೆ.”

“ನಂಗೆ ಸನ್ನೆ ಬರ್ಲಿಲ್ಲ.”

“ಸುಳ್ಳಿ. ನಿನ್ನ ಕೈ ಬೆಚ್ಚಿಬಿದ್ದದ್ದು ನಂಗೆ ಗೊತ್ತಾಯ್ತು.”

ಅಷ್ಟರಲ್ಲಿ ಬುಗುರಿ ಓಡಿಬಂದು ಅಮ್ಮನನ್ನು ದಾಟಿ ಅಕ್ಕನ ಸೊಂಟ ತಬ್ಬಿದಳು. ಮುಖದ ಬಣ್ಣವೆಲ್ಲ ಬಟ್ಟೆಗೆ ಉಜ್ಜಿಹೋಗಿತ್ತು.

“ದೊಡ್ಡಮ್ಮ, ಬಟ್ಟೆ ಏಳ್ಲೇ ಇಲ್ಲ. ತಲೆ ಮೇಲೇ ಇತ್ತು. ಆದ್ರೂ ನಾನು ಒಳಗೇ ಪೂರ್ತಿ ಕುಣಿದೆ. ತಾಳ ಶುರುವಾದ್ಮೇಲೆ ಯಾರು ನೋಡ್ಲಿ ಬಿಡ್ಲಿ ನಿಲ್ಲಿಸ್ಬಾರ್ದು ಅಂತ ನೀನೇ ಹೇಳಿದ್ಯಲ್ಲ. ನೀನಾದ್ರೂ ನೋಡಿದ್ಯಾ?”

ಅಕ್ಕ ಅವಳ ಹಣೆಯ ಕೂದಲು ಸರಿಸಿದಳು. “ಇಲ್ಲ ಕಣೇ.”

“ಹಾಗಾದ್ರೆ ಇಲ್ಲೇ ತೋರಿಸ್ತೀನಿ. ತಾಳ ಹಾಕು.”

ತಂಗಿ ಗೋಡೆಗೆ ಒರಗಿ ಅಕ್ಕನನ್ನೇ ನೋಡುತ್ತಿದ್ದಳು. ಅಕ್ಕನ ಕೈಗಳು ಮೇಲೇಳಲಿಲ್ಲ. ಹುಡುಗಿ ಚೆಂಡಿಲ್ಲದ ಅಂಗೈ ಚಾಚಿ, ಹಿಮ್ಮಡಿ ಎತ್ತಿ, ಕಾಯುತ್ತ ನಿಂತಿದ್ದಳು.