ಒಳಗಿನ ಚಿಲಕ

ಢಬ್ ಢಬ್ ಎಂದು ಕಂಡಕ್ಟರ್ ಬಸ್ಸಿನ ತಗಡಿಗೆ ಅಂಗೈಯಲ್ಲಿ ಬಡಿದದ್ದು, ಅಷ್ಟೇ, ಸೀಟಿ ಊದುವ ಬದಲು ಹೀಗೆ ಬಡಿಯುವುದು ಅವನ ರೂಢಿ, ಸೊರಬದಿಂದ ಶಿಕಾರಿಪುರಕ್ಕೆ ದಿನಾ ಹೋಗಿಬರುವ ಜಗದಾಂಬ ಅದನ್ನು ವರ್ಷಗಟ್ಟಲೆ ಕೇಳಿದ್ದಾಳೆ, ಆದರೂ ಎರಡೂ ಕೈ ತಾವಾಗಿಯೇ ಹೋಗಿ ಮುಂದಿನ ಸೀಟಿನ ಸರಳು ಹಿಡಿದುಕೊಂಡವು, ಬೆನ್ನೆಲ್ಲ ಬೆವರು, ಪಕ್ಕದ ಹೆಂಗಸು ವಾಂತಿ ಬರೋ ಹಂಗಾತೇನ್ರಿ ಅಂತ ಕೇಳಿ ಕಿಟಕಿ ಕಡೆಯ ಜಾಗ ಬಿಟ್ಟುಕೊಟ್ಟಳು, ಇಲ್ಲ, ಏನಿಲ್ಲ, ಬಡಿದ ಸದ್ದು ಅಷ್ಟೇ — ಗುಂಡು ಹಾರಿದ ದಿನ ಮುಚ್ಚಿದ ಕಾಲೇಜು ಇವತ್ತು ತೆರೆಯುತ್ತದೆ, ಲೈಬ್ರರಿಯನ್ನು ಅವಳೇ ಹೋಗಿ ತೆಗೆಯಬೇಕು, ಲೈಬ್ರರಿಯನ್ ಅವಳೇ ತಾನೆ, ಸುರಕ್ಷತಾ ಯೋಜನೆ ಮಾಡಿದವಳೂ ಅವಳೇ, ಮೇಲಿನಿಂದ ಸುತ್ತೋಲೆ ಬಂದಾಗ, ಬೆಂಕಿ ಬಿದ್ದರೆ ಏನು, ಆಯುಧ ಹಿಡಿದವರು ಒಳಗೆ ನುಗ್ಗಿದರೆ ಏನು ಅಂತ ಪ್ರತಿ ಕಾಲೇಜೂ ಯೋಚಿಸಿಡಬೇಕು ಎಂದಾಗ, ಪ್ರಿನ್ಸಿಪಾಲ್ ಪರಮಶಿವಪ್ಪನವರು ಕನ್ನಡಕ ತೆಗೆದು ನಕ್ಕಿದ್ದರು, ಇದೇನ್ ಅಮೆರಿಕಾ ಏನ್ರೀ ಮೇಡಂ, ನಮ್ಮಲ್ಲಿ ಯಾರು ಬಂದೂಕು ಹಿಡ್ಕೊಂಡು ಬರ್ತಾರೆ, ನೀವೇ ಏನಾರ ಬರೆದು ಕಳಿಸ್ರಿ. ಅವಳಿಗೆ ನಗು ಬಂದಿರಲಿಲ್ಲ, ಕಾಡಂಚಿನ ಮನೆಗಳಲ್ಲಿ ಹಂದಿ ಕಾಟಕ್ಕೆಂದು ಲೈಸೆನ್ಸ್ ಮಾಡಿಸಿದ ಕೋವಿಗಳು ಗೋಡೆಗೆ ಒರಗಿ ನಿಂತಿರುವುದನ್ನು ನೋಡುತ್ತಲೇ ಬೆಳೆದವಳು, ಚುನಾವಣೆ ಬಂತೆಂದರೆ ಅವೆಲ್ಲ ಪೊಲೀಸ್ ಠಾಣೆಗೆ ಹೋಗಿ ಕೂರುತ್ತವೆ, ಮುಗಿದ ಮೇಲೆ ಮನೆಗೆ ಬರುತ್ತವೆ, ಯಾರು ಬರ್ತಾರೆ ಅಂದರೆ — ಆಗಲೇ ಅವಳ ಕಣ್ಣಿಗೆ ಬಿದ್ದದ್ದು ಲೈಬ್ರರಿಯ ಬಾಗಿಲು, ಹೊರಗೆ ಬೀಗದ ಕೊಂಡಿ ಇದೆ, ಒಳಗೆ ಚಿಲಕವೇ ಇಲ್ಲ, ಒಳಗಿನಿಂದ ಹಾಕಿಕೊಳ್ಳಬೇಕಾದೀತೆಂದು ಯಾರಿಗೂ ಹೊಳೆದಿರಲಿಲ್ಲ, ಬಡಗಿಯನ್ನು ಕರೆಸಿ ಬೆರಳು ದಪ್ಪದ ಕಬ್ಬಿಣದ ಚಿಲಕ ಹಾಕಿಸಿದಳು, ಓದಲು ಬರುವ ಮಕ್ಕಳನ್ನು ಕೂರಿಸಿಕೊಂಡು ಹೇಳಿಕೊಟ್ಟಳು, ಓಡಲು ದಾರಿಯಿದ್ದರೆ ಓಡಿ, ಇಲ್ಲದಿದ್ದರೆ ಇಲ್ಲಿಗೆ ಬಂದು ಚಿಲಕ ಹಾಕಿ, ಬೀರುಗಳ ಹಿಂದೆ ನೆಲಕ್ಕೆ ಕೂತು ಫೋನಿನ ಸದ್ದು ಅಡಗಿಸಿ, ಪೊಲೀಸರು ಬರೋ ತನಕ ಯಾರಿಗೂ ತೆಗೀಬೇಡಿ — ಯಾರೇ ಕರೆದ್ರೂನಾ ಮೇಡಂ ಅಂತ ಕೇಳಿದ್ದು ನಯನ, ಬಿ.ಎ. ಎರಡನೇ ವರ್ಷ, ಕ್ಯಾಸನೂರು ಕಡೆಯ ಹುಡುಗಿ, ಯಾವಾಗಲೂ ಬಾಗಿಲ ಪಕ್ಕದ ಬೆಂಚಿನಲ್ಲೇ ಕೂರುವವಳು, ಅದಕ್ಕೇ ಚಿಲಕದ ಕೆಲಸ ಅವಳಿಗೆ — ಯಾರೇ ಕರೆದ್ರೂ, ನಾನೇ ಕರೆದ್ರೂ ತೆಗೀಬೇಡ, ನನ್ನ ತಲೆಗೆ ಕೋವಿ ಇಟ್ಟು ಕರೆಸ್ತಾ ಇರಬಹುದು. ಯಾರೋ ಕಿಸಕ್ಕನೆ ನಕ್ಕರು, ನಯನ ನಗಲಿಲ್ಲ. ಗಂಟೆಯ ಕೆಲಸ ಅಟೆಂಡರ್ ಗುಡ್ಡಪ್ಪನಿಗೆ, ಅಂಥದ್ದೇನಾದ್ರೂ ಆದ್ರೆ ಎಲ್ಲರಿಗೂ ಕೇಳೋ ಹಾಗೆ ನಿಲ್ಲಿಸದೆ ಗಂಟೆ ಹೊಡೀರಿ, ಆಮೇಲೆ ಹಿಂದಿನ ಗೇಟಿಂದ ಓಡ್ರಿ ಅಂದಿದ್ದಳು, ಓಡಾಕೆ ಮಂಡಿ ಬಿಡಲ್ರಿ ಮೇಡಂ, ಗಂಟೆ ಬೇಕಾದ್ರೆ ಹೊಡಿತೀನಿ ಅಂದಿದ್ದ ಅವನು, ಆ ಮಂಡಿಯ ಮಾತು ಅವಳ ಕಿವಿಗೆ ಬಿದ್ದಿತ್ತು, ಬಿದ್ದು ಅಲ್ಲೇ ನಿಂತಿತ್ತು, ಬೇರೆ ಯಾರಿಗಾದರೂ ಹೇಳೋಣ ಅನ್ನಿಸಲಿಲ್ಲ ಯಾಕೋ.

ಶಿರಾಳಕೊಪ್ಪ, ಬಸ್ಸು ನಿಂತಿದೆ, ಜನ ಇಳಿಯುತ್ತಾರೆ, ಹತ್ತುತ್ತಾರೆ, ಹೆಗಲ ಮೇಲೆ ಉದ್ದನೆಯದೇನನ್ನೋ ಹೊತ್ತವನೊಬ್ಬ ಬಾಗಿಲಲ್ಲಿ — ಪೈಪು, ನೀರಿನ ಪೈಪು ಅದು — ತೀರ್ಥೇಶನೂ ಹೀಗೇ ಕೋವಿಗೆ ಗೋಣಿಚೀಲ ಸುತ್ತಿಕೊಂಡು ಬಂದನಂತೆ, ಗೇಟಿನಲ್ಲಿ ಯಾರಿಗೂ ಅನುಮಾನ ಬರಲಿಲ್ಲವಂತೆ, ಹೇಗೆ ಬರಬೇಕು, ಹೋದ ವರ್ಷದ ತನಕ ಕಾಲೇಜಿನಲ್ಲೇ ಓದಿದ ಹುಡುಗ, ಲೈಬ್ರರಿಯ ಮೂಲೆಯಲ್ಲಿ ಪೊಲೀಸ್ ಕಾನ್ಸ್‌ಟೇಬಲ್ ಪರೀಕ್ಷೆಗೆ ತಯಾರಿ ನಡೆಸುತ್ತಿದ್ದವನು, ನಯನಳ ಊರಿನವನೇ, ಮದುವೆಯಾಗು ಅಂತ ಅವಳ ಬೆನ್ನು ಬಿದ್ದಿದ್ದ, ಅವಳು ಒಲ್ಲೆ ಅಂದಿದ್ದಳು, ಕೋವಿ ಅವನ ಅಪ್ಪನದು. ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚಿ ರೊಟ್ಟಿ ಮುರಿದಿದ್ದಳು ಜಗದಾಂಬ, ಢಂ ಎಂದಾಗ ಮಂಗ ಓಡಿಸುವ ಗರ್ನಾಲು ಪಟಾಕಿ ಅಂದುಕೊಂಡು ತುತ್ತನ್ನು ಬಾಯಿಗೂ ಇಟ್ಟಳು, ಆಮೇಲೆ ಗಂಟೆ, ನಿಲ್ಲದ ಗಂಟೆ, ತುತ್ತು ಬಾಯಲ್ಲೇ ಇದೆ, ಮೆಟ್ಟಿಲು ಹತ್ತುತ್ತಿದ್ದಾಳೆ, ಮಕ್ಕಳು ಮೇಲೆ ಲೈಬ್ರರಿಯಲ್ಲಿದ್ದಾರೆ, ಯೋಜನೆಯ ತುಂಬ ಅವಳು ಮಕ್ಕಳ ಜೊತೆ ಒಳಗೇ ಇದ್ದಳು, ಊಟಕ್ಕೆ ಹೋಗಿರಬಹುದೆಂದು ಎಲ್ಲೂ ಯೋಚಿಸಿರಲಿಲ್ಲ, ಬಾಗಿಲು ಮುಚ್ಚಿದೆ, ಢಬ್ ಢಬ್, ನಯನಾ, ನಾನು ಕಣೇ, ತೆಗಿ, ಢಬ್ ಢಬ್, ಜಗದಾಂಬ ಮೇಡಂ ಕಣೇ, ಒಬ್ಬಳೇ ಇದೀನಿ, ತೆಗಿಯೇ — ಒಳಗೆ ಉಸಿರಿನ ಸದ್ದೂ ಇಲ್ಲ, ತಲೆ ಬಗ್ಗಿಸಿದಾಗ ಬಾಗಿಲ ಕೆಳಗಿನ ಸಂದಿನಲ್ಲಿ ಒಂದು ಗೆರೆ ಬೆಳಕು, ಆ ಬೆಳಕಿನಲ್ಲಿ ಎರಡು ಕಪ್ಪು, ಎರಡು ಪಾದ, ಬಾಗಿಲಿಗೆ ಒತ್ತಿಕೊಂಡೇ ನಿಂತಿದ್ದಾಳೆ, ಕೈ ಚಿಲಕದ ಮೇಲೇ ಇರಬೇಕು, ಅಲುಗುತ್ತಿಲ್ಲ. ಕೆಳಗೆ ಮತ್ತೊಂದು ಢಂ, ಗಂಟೆ ನಿಂತಿತು. ಆಗ ಅವಳಿಗೆ ಗೊತ್ತಾಯಿತು, ತಾನು ಬಡಿದಷ್ಟೂ ಒಳಗೆ ಜನ ಇದ್ದಾರೆಂದು ಸಾರಿದಂತೆ, ಕೊಂಡಿಗೆ ನೇತುಬಿದ್ದಿತ್ತು ಒತ್ತಿದರೆ ಬೀಳುವ ದೊಡ್ಡ ಬೀಗ, ಕೊಂಡಿ ಹಾಕಿ ಒತ್ತಿದಳು, ಒತ್ತಿ ತಿರುಗಿದರೆ ಮೆಟ್ಟಿಲ ತಲೆಯಲ್ಲಿ ತೀರ್ಥೇಶ, ಕೋವಿ ಮಡಚಿ ಹೊಸ ತೋಟಾ ತುಂಬುತ್ತಿದ್ದಾನೆ, ಗಡ್ಡ ಬಂದಿದೆ, ಮೊದಲಿನ ಹಾಗೇ ತಲೆ ತಗ್ಗಿಸಿ ಮಾತಾಡುತ್ತಾನೆ, ನಯನ ಒಳಗಿದಾಳಾ ಮೇಡಂ. ಬೀಗ ಕಾಣಲ್ವೇನಪ್ಪಾ, ಇವತ್ತು ಲೈಬ್ರರಿ ತೆಗೆದೇ ಇಲ್ಲ ಅಂದಳು, ಬಾಯಲ್ಲಿ ರೊಟ್ಟಿ ಇತ್ತು, ಅದರ ಸುತ್ತಲೇ ಮಾತು ಹೊರಬಂತು, ಅವನು ಬೀಗ ನೋಡಿದ, ಕೆಳಗೆ ನೋಡದಿದ್ದರೆ ಸಾಕು, ಆ ಸಂದು ನೋಡದಿದ್ದರೆ ಸಾಕು, ಅವಳ ಸೀರೆಯ ನೆರಿಗೆ ಸಂದಿಗೆ ಅಡ್ಡವಾಗಲೆಂದು ಒಂದು ಹೆಜ್ಜೆ ಹಿಂದೆ ಸರಿದಳು, ಬಾಗಿಲು ಬೆನ್ನಿಗೆ ತಾಗಿತು. ನೀವು ಹೋಗ್ರಿ ಮೇಡಂ, ಇಲ್ಲಿರಬೇಡ್ರಿ ಅಂದ ಅವನು, ಅಂದು ಇಳಿದು ಹೋದ. ಕೆಳಗೆ ಸೈಕಲ್ ಸ್ಟ್ಯಾಂಡಿನಲ್ಲಿ ಪೊಲೀಸರಿಗೆ ಸಿಕ್ಕಾಗ ಕೋವಿಯನ್ನು ಪಕ್ಕಕ್ಕಿಟ್ಟು ಕುಡಿಯಲು ನೀರು ಕೇಳಿದನಂತೆ.

ಗುಡ್ಡಪ್ಪ ಗಂಟೆಯ ಕೆಳಗೇ ಬಿದ್ದಿದ್ದ, ಗಂಟೆ ಬಡಿಯುವ ಸರಳು ಕೈಯಲ್ಲೇ ಇತ್ತು. ಮಣ್ಣಿಗೆಂದು ಅವನ ಊರು ಈಸೂರಿಗೆ ಹೋದಾಗ ಅವನ ಹೆಂಡತಿ ದುರ್ಗಮ್ಮ ಅಳದೆ ಕೂತಿದ್ದಳು, ನಿಲ್ಲಿಸದಂಗೆ ಹೊಡೀರಿ ಅಂತ ನೀವು ಹೇಳಿದ್ರಂತಲ್ರಿ ಮೇಡಂ, ಹೇಳಿದ ಮಾತು ಮೀರೋರಲ್ಲ ಅವರು ಅಂದಳು, ಅದರಲ್ಲಿ ಸಿಟ್ಟಿರಲಿಲ್ಲ, ಸಿಟ್ಟಾದರೂ ಇದ್ದಿದ್ದರೆ — ಪರಮಶಿವಪ್ಪನವರು ಟೀವಿಯವರಿಗೆ ನಮ್ಮ ಯೋಜನೆಯಿಂದ ಮಕ್ಕಳೆಲ್ಲ ಉಳಿದರು ಎಂದರು, ಅದೂ ನಿಜವೇ, ಮಕ್ಕಳು ಒಬ್ಬೊಬ್ಬರಾಗಿ ಮೆಟ್ಟಿಲಿಳಿದು ಬಂದರು, ನಯನ ಕೊನೆಯಲ್ಲಿ, ಅವಳ ಅಂಗೈಯಲ್ಲಿ ಚಿಲಕದ ಅಚ್ಚು ಕೆಂಪಗೆ ಎದ್ದಿತ್ತು, ನಿಮ್ಮ ದನಿ ಅಂತ ಗೊತ್ತಿತ್ತು ಮೇಡಂ, ಒಬ್ರೇ ಇದೀರಿ ಅಂತಾನೂ ಗೊತ್ತಿತ್ತು, ನಂಗೆ ತೆಗೆಯಕ್ಕೆ ಆಗ್ಲಿಲ್ಲ. ಒಳ್ಳೇದು ಮಾಡಿದೆ ಕಣೆ ಅಂದಳು ಜಗದಾಂಬ, ಅಪ್ಪಿಕೊಂಡಳು, ಮನಸಾರೆ ಅಂದದ್ದೇ, ಆಮೇಲೆ ನಯನ ಎರಡು ಸಲ ಫೋನ್ ಮಾಡಿದಾಗ ಯಾಕೆ ಎತ್ತಲಿಲ್ಲವೋ. ಶಿಕಾರಿಪುರ, ಇಳಿದಿದ್ದಾಳೆ, ನಡೆದಿದ್ದಾಳೆ, ಗಂಟೆಯ ಜಾಗದಲ್ಲಿ ಬರಿಯ ಕೊಕ್ಕೆ ನೇತಾಡುತ್ತಿದೆ, ನಮಸ್ಕಾರ ಮೇಡಂ ಅಂದವರಿಗೆ ನಮಸ್ಕಾರ, ಮೆಟ್ಟಿಲು, ಬೀಗ ತೆಗೆದು ಒಳಗೆ ಬಂದವಳೇ ಬಾಗಿಲು ದೂಡಿ ಚಿಲಕ ಹಾಕಿಕೊಂಡಳು, ಯಾಕೆ ಹಾಕಿದೆ, ಗಾಳಿಗೆ ಅಂತಿಟ್ಟುಕೊಳ್ಳೋಣ, ಕಿಟಕಿ ತೆಗೆಯಬೇಕು, ಪೇಪರ್ ಜೋಡಿಸಬೇಕು, ಹಳೆ ಪುಸ್ತಕದ ವಾಸನೆ, ಬೀರುಗಳ ಹಿಂದೆ ಯಾರದೋ ಒಂಟಿ ಚಪ್ಪಲಿ — ಢಬ್ ಢಬ್. ಮೇಡಂ, ನಾನು, ನಯನ. ಅವಳ ದನಿಯೇ, ಬೇರೆ ಯಾರದೂ ಅಲ್ಲ, ಜಗದಾಂಬ ಬಾಗಿಲಿಗೆ ಬಂದಳು, ಚಿಲಕದ ಮೇಲೆ ಕೈ ಇಟ್ಟಳು, ಮೇಡಂ, ಒಬ್ಳೇ ಇದೀನಿ, ತೆಗೀರಿ, ತೆಗೀತೀನಿ ಕಣೆ, ತೆಗೀತೀನಿ, ಎಳೆದರೆ ಸಾಕು, ಕಬ್ಬಿಣ ತಣ್ಣಗಿದೆ, ಕೈ ಇದೆ, ಕೈ ಏಳುತ್ತಿಲ್ಲ, ಹೊರಗೆ ಮೊಗಸಾಲೆಗೆ ಬೆಳಗಿನ ಬಿಸಿಲು ಬಿದ್ದಿದೆ, ಬಾಗಿಲ ಕೆಳಗಿನ ಸಂದಿನಲ್ಲಿ ಒಂದು ಗೆರೆ ಬೆಳಕು, ಬೆಳಕಿನಲ್ಲಿ ಎರಡು ಕಪ್ಪು, ಎರಡು ಪಾದ, ನಿಂತಿವೆ, ಎರಡು ಪಾದ